ಪಿಶಾಚಿಗೊಂದು ಮುಖ

...ಬಾಗಿಲು ಎಳ್ಕೊಂಡು ಬಾ, ಧೂಳು ಬಿದ್ರೆ ಅಂಟು ಕೆಡತ್ತೆ. ಕೂತ್ಕೋ. ಆ ಕುರ್ಚಿ ಬೇಡ ಕಣೇ, ಅದು ಪಿಶಾಚಿ ಪಾತ್ರ ಮಾಡೋ ನಟಿಯದು. ಅವಳಿನ್ನೂ ಬಂದಿಲ್ಲ. ಹೊರಗೆ ಎಲ್ರೂ ಪಿಶಾಚಿ ಹೇಗಿದೆ ನೋಡೋಣ ಅಂತ ತುದಿಗಾಲಲ್ಲಿ ನಿಂತಿದಾರೆ. ಯಾಕೆ ನಗ್ತೀಯ? ಓ, ಗೋಡೇಲಿರೋ ಕಿವಿಗಳಾ... ರಬ್ಬರಿನವು. ಮೂಗು ಕಿವಿ ಅಂಟಿಸೋದೇ ನಿಮ್ಮಕ್ಕನ ಹೊಟ್ಟೆಪಾಡು.

ಶಾಲು ತೆಗಿ, ಇಲ್ಲಿರೋದು ನಾವಿಬ್ಬರೇ. ಸ್ಟವ್ ಸಿಡಿದ ಮೇಲೆ ಆಸ್ಪತ್ರೆ ಬಿಟ್ರೆ ನೀನು ಹೊರಗೆ ಕಾಲಿಟ್ಟಿದ್ದೇ ಇವತ್ತು. ಅದೂ ಅಕ್ಕನ ಕೆಲಸ ನೋಡ್ಬೇಕು ಅಂತ. ಅಮ್ಮ ಈಗ ತಾನೇ ಫೋನಲ್ಲಿ ಅತ್ತೇಬಿಟ್ಲು, ಸಂತೋಷಕ್ಕೆ. ನಂಗೂ ಸಂತೋಷಾನೇ ಪುಟ್ಟಿ. ಆದ್ರೆ ಒಂದು ಮಾತು ಹೇಳಿ ಬಂದಿದ್ರೆ... ಎಲ್ಲಾ ಎತ್ತಿಡ್ತಿದ್ದೆ, ಅಷ್ಟೇ.

ಹೂಂ, ನೀನು ಓದ್ತಿದ್ದೆಯಲ್ಲ, ನೆಲಮಾಳಿಗೆ ಪಿಶಾಚಿ, ಅದೇ ಕಥೆ. ಪುಸ್ತಕದಲ್ಲಿ ಅವಳದು ಎಷ್ಟು ಮಾತು... ಬಾಗಿಲ ಸಂದಿಯಿಂದ ಮನೆ ಮಕ್ಕಳಿಗೆ ಮಗ್ಗಿ ಹೇಳ್ಕೊಡ್ತಾಳೆ, ಜಗಳ ಆಡ್ತಾಳೆ. ಸಿನಿಮಾದಲ್ಲಿ ಅದಕ್ಕೆಲ್ಲ ಕತ್ತರಿ. "ಮಾತಾಡಿದ್ರೆ ಜನಕ್ಕೆ ಪಾಪ ಅನ್ಸತ್ತೆ, ಹೆದರಲ್ಲ" ಅಂದ್ರು ನಿರ್ದೇಶಕರು. ಹೆಸರೂ ಕಿತ್ತುಹಾಕಿದ್ರು. ಈಗ ಬರೀ "ಅದು". ಅದು ಬಂತು, ಅದು ಗುರ್ ಅಂತು.

ನಂಗೇನು ಹೇಳು, ಮುಖ ಮಾಡು ಅಂದ್ರು, ಮಾಡ್ದೆ. ಕೋರೆಹಲ್ಲು ಇಟ್ಟೆ, ಕೊಂಬು ಇಟ್ಟೆ. ಇದಕ್ಕೆ ಮಕ್ಕಳೂ ನಗ್ತಾರೆ, ನಿಜವಾದ್ದು ಬೇಕು ಅಂದ್ರು. ಇನ್ನೊಂದು ಸಲ ತಪ್ಪಿದ್ರೆ ಬೇರೆಯವರನ್ನ ಕರೀತೀನಿ ಅಂತಲೂ...

ಆ ಮುಖವಾಡದ ಮೇಲಿರೋ ಬಟ್ಟೆ ಮುಟ್ಬೇಡ. ಬಣ್ಣ ಒಣಗಿಲ್ಲ. ಏ, ಹೇಳಿದ್ದು ಕೇಳಿಸ್ಲಿಲ್ವಾ? ಬಿಡೇ ಅದನ್ನ...

ತೆಗೆದೇಬಿಟ್ಟೆ.

ಅಷ್ಟು ಹತ್ತಿರ ಹೋಗ್ಬೇಡ. ಊಹೆಯಿಂದ ಮಾಡಿದ್ದು ಕಣೇ. ಎಡಗಣ್ಣಿನ ರೆಪ್ಪೆ ಕೆಳಗೆ ಎಳ್ಕೊಂಡಿರೋದು, ತುಟಿ ಸೊಟ್ಟ ಆಗಿರೋದು... ಸುಟ್ಟ ಮುಖ ಎಲ್ಲಾ ಹೆಚ್ಚುಕಮ್ಮಿ ಹೀಗೇ ಇರತ್ತೆ. ಬೆರಳು ಯಾಕೆ ಅದರ ಕೆನ್ನೆ ಮೇಲಿಡ್ತೀಯ? ಈಗ ನಿನ್ನ ಕೆನ್ನೆ ಮೇಲೆ... ಮತ್ತೆ ಅಲ್ಲಿ. ಬೇಡ ಪುಟ್ಟಿ.

ಬೈದಾದ್ರೂ ಬಿಡು.

ಸರಿ. ನಿನ್ನ ಮುಖಾನೇ. ಸುಟ್ಟ ಕಲೆ ಉಬ್ಬದ ಹಾಗೆ ಅದುಮಿಡೋ ಮುಖಕವಚ ಮಾಡಿಸ್ಬೇಕು, ಮುಖದ ಅಚ್ಚು ತನ್ನಿ ಅಂದ್ರಲ್ಲ ಡಾಕ್ಟರು, ನಾನೇ ತೆಗೆದ್ನಲ್ಲ... ಪ್ಲಾಸ್ಟರು ಗಟ್ಟಿಯಾಗೋವರೆಗೂ ನೀನು ನನ್ನ ಕೈ ಹಿಡ್ಕೊಂಡಿದ್ದೆ. ಆ ಅಚ್ಚು ಕಪಾಟಲ್ಲೇ ಇತ್ತು. ಅದರಲ್ಲೇ ರಬ್ಬರು ಸುರಿದೆ. ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ. ಮನೆಯಿಂದ ಆಚೆ ಬರದೋಳು, ಸಿನಿಮಾಕ್ಕೆಲ್ಲಿ ಹೋಗ್ತೀಯ ಅಂತ... ಆದ್ರೆ ನಿನ್ನ ನೋಡಿ ನಾನು ಒಂದು ದಿನಾನೂ ಹೆದರಿಲ್ಲ ಕಣೇ. ನನ್ನಾಣೆಗೂ ಇಲ್ಲ.

ಎಲ್ಲಿಗೆ ಎದ್ದೆ? ಆ ಬಾಗಿಲಲ್ಲ, ಅದು ಸೆಟ್ಟಿಗೆ ಹೋಗೋದು, ಜನ ಇದಾರೆ. ಶಾಲು... ಶಾಲು ಹೊದ್ಕೋ. ಹಾಗೇ ಹೋಗ್ಬೇಡ, ನಿನ್ನ ಕಾಲಿಗೆ ಬೀಳ್ತೀನಿ...

ಕೇಳಿಸ್ತಾ? ಚಪ್ಪಾಳೆ. ನಿನ್ನನ್ನ ನಟಿ, ಇದು ಮೇಕಪ್ಪು ಅಂದ್ಕೊಂಡಿದಾರೆ ಪುಟ್ಟಿ. "ಭೇಷ್, ಎಲ್ಲಿ ಮೇಕಪ್ಪಿನವಳು, ಕರೀರಿ ಅವಳನ್ನ" ಅಂತಿದಾರೆ. ನೀನೇ ಹೇಳು, ಇದು ನನ್ನ ಮುಖ ಅಂತ. ಒಂದು ಮಾತು ಹೇಳಿ ಬಾ, ಮನೆಗೆ ಹೋಗೋಣ.

ಅವರ ಕಡೆ ತಿರುಗೇ. ಅಲ್ಲಿಂದ ನನ್ನನ್ನೇ ಯಾಕೆ ನೋಡ್ತೀಯ? ಹಾಗೆ ನೋಡ್ಬೇಡ...

ಹೌದು. ಆಗ ಹಾಕಿದ ಆಣೆ ಸುಳ್ಳು. ನಿನ್ನ ಬ್ಯಾಂಡೇಜು ಬಿಚ್ಚಿದ ದಿನ ನೀರು ತರ್ತೀನಿ ಅಂತ ಹೋದೋಳು ನಾನು ಸಂಜೆವರೆಗೂ ವಾರ್ಡಿಗೆ ಬರ್ಲಿಲ್ಲ. ಹೆದರಿದ್ದೆ ಕಣೇ. ಅದಕ್ಕೇ ನಂಗೆ ಗೊತ್ತಿತ್ತು, ಈ ಮುಖಕ್ಕೆ ಜನ ಹೆದರ್ತಾರೆ ಅಂತ.