ಬ್ಯಾಲಂಟೈನ್‌ನಿಂದ ಟೆರಿ

...ಅಲ್ಲ, ಅದಕ್ಕೆ ನೀನು ನಗುದೆಂತಕ್ಕೆ? ನಾನೇನು ಜೋಕ್ ಹೇಳಿದೆನಾ? ತಲೆ ಇದ್ದವ ಮಾಡುವ ಕೆಲಸವಾ ಅದು, ಅಷ್ಟೇ ಕೇಳಿದ್ದು. ನಿನ್ನೆಯ ಗೇಮಿನಲ್ಲಿ ನಾವು ಎರಡು ಪಾಯಿಂಟ್ ಹಿಂದೆ. ಟೈಮ್ ಮುಗೀತಾ ಬಂದಿದೆ. ಬಾಲ್ ನಮ್ಮ ಕೈಯಲ್ಲಿ. ಈ ಅಮೆರಿಕನ್ ಫುಟ್‌ಬಾಲಿನಲ್ಲಿ ಎರಡು ಕಂಬದ ಮಧ್ಯೆ ಒಂದು ಒದ್ದರೆ ಮೂರು ಪಾಯಿಂಟ್, ಗೆದ್ದೆವು, ಎಲ್ಲರೂ ಮನೆಗೆ ಹೋಗಿ ಊಟ ಮಾಡಬಹುದು! ಒದೆಯಲಿಕ್ಕೆ ಅಂತಲೇ ಇಟ್ಟುಕೊಂಡ ಹುಡುಗ ಹೆಲ್ಮೆಟ್ ಹಾಕಿ ಬದಿಯಲ್ಲಿ ನಿಂತಿದ್ದಾನೆ. ಯಾರು? ನೀನೇ, ಅನ್ವಿತ್. ಈ ತಾರಾನಾಥನ ಮಗ! ಆಗ ನಿನ್ನ ಕೋಚ್, ಆ ಮಹಾಪುರುಷ, ಏನು ಮಾಡಿದರು? ಕಿಕ್ ಬೇಡ, ಬಾಲ್ ಹಿಡ್ಕೊಂಡು ಓಡಿ ಅಂದರು. ಓಡಿದ್ರು. ಬಿದ್ರು. ಆಟ ಮುಗೀತು. ಭಾರೀ ಬುದ್ಧಿವಂತಿಕೆ!

ನಿನ್ನ ಅಮ್ಮನಿಗೆ ಸಹ ಅರ್ಥ ಆಯ್ತು ಮಾರಾಯ! ಸರೋಜಿನಿಗೆ! ನೀನು ಕಾಲೇಜಿಗೆ ಸೇರಿದಾಗಿನಿಂದ ಪ್ರತಿ ಗೇಮಿಗೂ ಬರ್ತಾಳೆ, ಪ್ರತಿ ಗೇಮಿನಲ್ಲೂ "ನಮ್ಮವರು ಯಾವ ಬಣ್ಣ?" ಅಂತ ಕೇಳ್ತಾಳೆ. ಅಂಥವಳು ಎದ್ದು ನಿಂತು, "ಅಲ್ಲ, ಒದೆಯುವವನನ್ನು ಕಳಿಸುದು ಬಿಟ್ಟು ಇವರನ್ನು ಎಂತಕ್ಕೆ ಓಡಿಸುದು?" ಅಂತ ಬೊಬ್ಬೆ ಹಾಕಿದಳು. ನಮ್ಮ ಮುಂದೆ ಒಬ್ಬ ಕೂತಿದ್ದ, ಶರ್ಟ್ ಬಿಚ್ಚಿ ಹೊಟ್ಟೆಗೆಲ್ಲ ನೇರಳೆ ಪೇಂಟ್ ಬಳಿದುಕೊಂಡವ. ಅವ ತಿರುಗಿ, "ಮ್ಯಾಮ್, ಕೋಚ್ ನೀವೇ ಆಗಬೇಕಿತ್ತು" ಅಂದ. ಅಷ್ಟು ಪೇಂಟ್ ಬಳಿದುಕೊಂಡವನಿಗೂ ತಲೆ ಉಂಟು, ನಿನ್ನ ಕೋಚ್‌ಗೆ ಇಲ್ಲ.

ಕೂತುಕೋ. ಇದು ನಾಲ್ಕನೇ ದೋಸೆ ಅಷ್ಟೇ. ನೀರ್ದೋಸೆ ನಾಲ್ಕು ತಿಂದು ಏಳುವವ ನಮ್ಮ ವಂಶದಲ್ಲಿ ಯಾರೂ ಹುಟ್ಟಲಿಲ್ಲ. ಕೋಳಿ ಸಾರು ಹಾಕಿಕೋ. ಅಮ್ಮ ಗ್ರೋಸರಿ ಮುಗಿಸಿ ಬರುವುದರೊಳಗೆ ನೀನು ಏನೂ ತಿನ್ನಲಿಲ್ಲ ಅಂತಾದರೆ ಬೈಗುಳ ನನಗೆ.

ಬೆಳಿಗ್ಗೆ ಆ ವೀರಣ್ಣ ಅಂಕಲ್ ಫೋನ್ ಮಾಡಿದ್ದರು. ಗೇಮಿಗೆ ಬಂದಿರಲೂ ಇಲ್ಲ, ಟಿವಿಯಲ್ಲಿ ಸಹ ನೋಡಿರಲಿಲ್ಲ, ಆದರೂ ಅಭಿಪ್ರಾಯ ಉಂಟು! ಡಾಕ್ಟರಲ್ಲವಾ, ಪೇಶೆಂಟನ್ನು ನೋಡದೆಯೇ ಔಷಧಿ ಬರೆದು ಅಭ್ಯಾಸ. "ಏ ತಾರಾನಾಥ, ಕೋಚ್ ಬರೋಬ್ಬರಿ ಮಾಡ್ಯಾನ ಬಿಡಪಾ, ನಲವತ್ತು ಯಾರ್ಡ್ ಕಿಕ್ ಅಂದ್ರ ಹುಡುಗಾಟಿಕಿ ಏನು? ನಿನ್ ಮಗಾ ಇನ್ನಾ ಸಣ್ಣಾವ ಅದಾನ" ಅಂತ. ನಾನು ಬಿಡ್ತೇನಾ? ಅರ್ಧ ಗಂಟೆ ಝಾಡಿಸಿದೆ. ನನ್ನ ಮಗನಿಗೆ ನಲವತ್ತು ಯಾರ್ಡ್ ಅಂದರೆ ಹಲ್ಲುಜ್ಜಿದ ಹಾಗೆ ಅಂದೆ. ಕೊನೆಗೆ ಅವರು, "ಆತು ತಗೋ, ನೀನ ಶಾಣ್ಯಾ" ಅಂತ ಇಟ್ಟುಬಿಟ್ರು.

ಪುನಃ ನಗ್ತಿಯಲ್ಲ! ಇದರಲ್ಲಿ ನಗುವಂಥದ್ದು ಎಂತ ಉಂಟು?

ನೋಡು, ನಾನು ನೇರ ವಿಷಯಕ್ಕೆ ಬರ್ತೇನೆ. ನೀನು ಬೆಳಿಗ್ಗೆ ಬಂದವನೇ ಬ್ಯಾಗ್ ಬಾಗಿಲಲ್ಲಿ ಬಿಸಾಡಿ "ಐ ಆಮ್ ಡನ್" ಅಂದೆ. ಟೀಮ್ ಬಿಡ್ತೇನೆ, ಸಂಜೆ ನಿನ್ನ ಟೀಮಿನ ಚಿರಾಗ್ ಕಾರು ತಗೊಂಡು ಬಂದರೆ ಪ್ರಾಕ್ಟೀಸಿಗೆ ಒಬ್ಬನೇ ಹೋಗಲಿ ಅಂದೆ. ಅಮ್ಮ ಹೆದರಿ ಹೋಗಿದ್ದಾಳೆ. ಡಿಗ್ರಿಯನ್ನೇ ಬಿಡ್ತಾನೆ ಅಂತ ಗ್ರಹಿಸಿದ್ದಾಳೆ ಅವಳು! ನಾನು ಹೇಳುದು ಇಷ್ಟೇ. ಕೋಚ್‌ಗೆ ನಿನ್ನ ಮೇಲೆ ನಂಬಿಕೆ ಇಲ್ಲ ಅಂತ ನೀನು ಬಿಡುದಾ? ಅವರಿಗೆ ಯಾರ ಮೇಲೆ ನಂಬಿಕೆ ಉಂಟು? ಅಟ್ಲಾಂಟಾದಂಥ ಊರಿಗೆ ಕರ್ಕೊಂಡು ಹೋಗಿ ಅಷ್ಟು ಜನರ ಎದುರು ಮರ್ಯಾದೆ ಕಳೆದುಕೊಂಡದ್ದು ಅವರು. ನೀನಲ್ಲ. ತಪ್ಪು ಅವರದ್ದು, ಕಿಟ್ ವಾಪಸ್ ಕೊಡುದು ನೀನಾ? ಒಳ್ಳೆ ನ್ಯಾಯ!

ನಿನ್ನ ಕಿಕ್ ಎಂಥದ್ದು ಅಂತ ಕೋಚ್‌ಗೆ ಏನು ಗೊತ್ತು? ನನಗೆ ಗೊತ್ತು. ನೀನು ಹೈಸ್ಕೂಲಿನಲ್ಲಿ ಸಾಕರ್ ಬಿಟ್ಟು ಇದನ್ನು ಹಿಡಿದಾಗಿನಿಂದ ನಿನಗೆ ಬಾಲ್ ನಿಲ್ಲಿಸಿ ಕೊಟ್ಟದ್ದು ಯಾರು? ಪ್ರತಿ ಭಾನುವಾರ ಆ ಪಾರ್ಕಿನ ಒದ್ದೆ ಹುಲ್ಲಿನಲ್ಲಿ ಮೊಣಕಾಲೂರಿ, ಬಾಲಿನ ತುದಿಗೆ ಒಂದು ಬೆರಳಿಟ್ಟು... ಒಂದು ಸಲ ಬಾಲ್ ಬಿಟ್ಟು ಬೆರಳಿಗೇ ಒದ್ದಿದ್ದೆ, ನೆನಪುಂಟಾ? ಉಗುರು ಕಪ್ಪಾಗಿ ಕಳಚಿಯೇ ಹೋಯ್ತು. ನಾನು ಒಂದು ಮಾತು ಹೇಳಿದೆನಾ? ಮರುವಾರ ಇನ್ನೊಂದು ಬೆರಳಿಟ್ಟೆ. ಅಷ್ಟು ನಂಬಿಕೆ ನನಗೆ ನಿನ್ನ ಕಾಲಿನ ಮೇಲೆ! ನಿನ್ನೆ ನಿನ್ನನ್ನು ಕಳಿಸಿದ್ದರೆ ಗೆಲುವು ನಮ್ಮದು. ನೂರಕ್ಕೆ ನೂರು. ನಾನು ಬರೆದು ಕೊಡ್ತೇನೆ.

ಏನು? ಗಟ್ಟಿ ಹೇಳು, ಫ್ಯಾನಿನ ಸದ್ದಿಗೆ ಕೇಳಲಿಲ್ಲ.

ಟೆರಿಯಾ?

ಯಾವ ಟೆರಿ?

ಓ... ರೇಡಿಯೋದಲ್ಲಿ. ಗೇಮ್ ಮುಗಿದ ಮೇಲೆ ಜನ ಫೋನ್ ಮಾಡುವ ಪ್ರೋಗ್ರಾಮಿನಲ್ಲಿ. ಹಾಂ, ಹಾಂ... ಯಾರೋ ಒಬ್ಬ ಮಾತಾಡಿದ್ದ ಅಂತ ಕಾಣ್ತದೆ. ನಾನು ಸರಿ ಕೇಳಲಿಲ್ಲ. ಎಯ್ಟಿ ಫೈವ್ ಹೈವೇಯಲ್ಲಿ ಡ್ರೈವ್ ಮಾಡ್ತಾ ಇದ್ದೆ, ಟ್ರಕ್ಕುಗಳ ಸದ್ದು. ಅಮ್ಮ ಪಕ್ಕದ ಸೀಟಿನಲ್ಲಿ ಗೊರಕೆ. ನಿಮ್ಮ ಬಸ್ಸಿನಲ್ಲೂ ಅದನ್ನು ಹಾಕಿದ್ರಾ? ಇಡೀ ಟೀಮ್ ಕೇಳಿದ್ದಾ? ಛೆ. ಆ ಡ್ರೈವರನಿಗೆ ಬೇರೆ ಸ್ಟೇಷನ್ ಸಿಗಲಿಲ್ಲವಾ?

ಅಂಥವರ ಮಾತು ಮನಸ್ಸಿಗೆ ಹಾಕಿಕೊಳ್ಳುದಾ ಅನ್ವಿತ್? ಫೋನ್ ಮಾಡಿದವರೆಲ್ಲ ಕೋಚ್‌ಗೆ ಬೈದರು. ಇವನೊಬ್ಬನೇ ಸತ್ಯಹರಿಶ್ಚಂದ್ರ! ಕೋಚ್ ಮಾಡಿದ್ದೇ ಸರಿ ಅಂತೆ. ಆ ಹುಡುಗ ಒದ್ದಿದ್ದರೆ ಖಂಡಿತ ಹೊರಗೆ ಹೋಗ್ತಿತ್ತು ಅಂತೆ. ಯಾರು ಅವ? ಸೋಫಾದಲ್ಲಿ ಬಿದ್ದುಕೊಂಡು ಬಿಯರ್ ಕುಡಿಯುವ ಯಾವನೋ ಬೇವರ್ಸಿ. ಜೀವಮಾನದಲ್ಲಿ ಒಂದು ತೆಂಗಿನಕಾಯಿಯನ್ನು ಸಹ ಒದ್ದಿರಲಿಕ್ಕಿಲ್ಲ! ದೊಡ್ಡ ತಜ್ಞ ಬೇರೆ. ಹೆದರಿದರೆ ಆ ಹುಡುಗ ಬಾಲಿಗೆ ಕಾಲು ತಾಗುವ ಮೊದಲೇ ತಲೆ ಎತ್ತುತ್ತಾನೆ ಅಂತೆ, ಬಾಲ್ ಎಡಕ್ಕೆ ತಿರುಗ್ತದೆ ಅಂತೆ! ಬಾಯಿಗೆ ಬಂದದ್ದೆಲ್ಲ...

ಎಂತ ಹಾಗೆ ನೋಡ್ತಿ?

ಯಾವುದು ಬರಲಿಲ್ಲ?

ತಲೆ ಎತ್ತುವ ವಿಷಯವಾ? ...ಬಂತಲ್ಲ ರೇಡಿಯೋದಲ್ಲಿ. ಬಂತು. ನಾನೇ... ನಾನು ಕೇಳಿದ್ದೇನೆ. ಬರಲಿಲ್ಲವಾ? "ಹೊರಗೆ ಹೋಗ್ತಿತ್ತು" ಅಂದ ಕೂಡಲೇ "ಥ್ಯಾಂಕ್ ಯೂ, ಬ್ಯಾಲಂಟೈನ್‌ನಿಂದ ಟೆರಿ" ಅಂತ ಅವನನ್ನು ಕಟ್ ಮಾಡಿ ಟೈರಿನ ಜಾಹೀರಾತು ಹಾಕಿದ್ರಾ?

ಓ.

ಇರು, ದೋಸೆ ಸೀಯ್ತಾ ಉಂಟು. ಕಾವಲಿ ಇಳಿಸ್ತೇನೆ.

...ಹಾಗಾದರೆ ಅಷ್ಟು ಹೊತ್ತು ನಾನು ಯಾರ ಹತ್ತಿರ ಮಾತಾಡಿದ್ದು?

ಆ ಗ್ಯಾಸ್ ಸ್ಟೇಷನ್ನಿನಲ್ಲಿ, ಕಾರಿನ ಹಿಂದೆ ನಿಂತು, ಅಮ್ಮನಿಗೆ ಎಚ್ಚರ ಆಗಬಾರದು ಅಂತ ಮೆಲ್ಲ, ಬಾಯಿಗೆ ಕೈ ಅಡ್ಡ ಇಟ್ಟು... ನೀನು ಒಳ್ಳೆ ಹುಡುಗ ಅಂತಲೂ ಹೇಳಿದ್ದೆ ಅನ್ವಿತ್! ಮುಂದಿನ ವರ್ಷ ನೋಡಿ, ಇವನಷ್ಟು ಒಳ್ಳೆ ಕಿಕ್ಕರ್ ಇಡೀ ಕ್ಯಾರೊಲಿನಾದಲ್ಲಿ ಇರುದಿಲ್ಲ ಅಂತ ಹೇಳಿದ್ದೆ. ಎಲ್ಲ ಹೊಗಳಿಕೆ ಕೊನೆಗೆ ಇಟ್ಟುಕೊಂಡಿದ್ದೆ. ಅದೆಲ್ಲ ಸತ್ತ ಫೋನಿಗಾ? ಚೆಂದ. ಭಾರೀ ಚೆಂದ. ಬೈದದ್ದು ಮಾತ್ರ ಊರಿಗೆಲ್ಲ ಕೇಳಿತು!

ನಿನಗೆ ಮೊದಲೇ ಗೊತ್ತಿತ್ತಾ? ಈಗಲ್ಲವಾ? ಬಸ್ಸಿನಲ್ಲಿಯೇ? ಸ್ವರ ಕೇಳಿಯೇ? ನಾನು ಮೂಗಿನಿಂದ ಮಾತಾಡಿದ್ದೆನಲ್ಲ ಮಾರಾಯ... ಇಲ್ಲಿಯವರ ಹಾಗೆ ಎಳೆದು ಎಳೆದು. ಆಫೀಸಿನಲ್ಲಿ ತಾರಾನಾಥ ಅಂತ ಹೇಳಲಿಕ್ಕೆ ಬಾರದೆ ಅವರು ಇಟ್ಟ ಹೆಸರು ಟೆರಿ, ಬಾಯಿಗೆ ಅದೇ ಬಂತು; ಎಲ್ಲಿಂದ ಅಂತ ಕೇಳಿದಾಗ ನಮ್ಮ ಏರಿಯಾ ಬ್ಯಾಲಂಟೈನನ್ನೇ ಹೇಳಿದೆ. ಹೆಸರು ಬದಲಾಯಿಸಿದರೆ ಮನುಷ್ಯನೇ ಬದಲಾಗ್ತಾನೆ ಅಂತ ಗ್ರಹಿಸಿದ್ದೆ ನಾನು. ಇಷ್ಟು ವರ್ಷ ಇಲ್ಲಿ ಇದ್ದು ಕಲಿತದ್ದು ಅಷ್ಟೇ.

ಬೇರೆ ಯಾರಿಗಾದರೂ ಗೊತ್ತಾಯ್ತಾ? ...ಇಲ್ಲವಾ. ಅವರು ಆಕ್ಸೆಂಟಿಗೆ ನಕ್ಕದ್ದು ಮಾತ್ರವಾ. ಸರಿ. ಮತ್ತೆ ನೀನು?

ನೀನೂ ನಕ್ಕೆಯಾ.

...ಹೌದು, ನಗಬೇಕಾಗ್ತದೆ. ಎಲ್ಲರೂ ನಗುವಾಗ.

ಬೆಳಿಗ್ಗಿನಿಂದ ನಾನು ಕೋಚ್‌ಗೆ ಬೈತಾ ಇದ್ದೇನೆ, ನೀನು ನಗ್ತಾ ಇದ್ದೆ. ಈಗ ಗೊತ್ತಾಯ್ತು ಎಂತಕ್ಕೆ ಅಂತ. "ಐ ಆಮ್ ಡನ್" ಅಂದದ್ದು ಸಹ ಕೋಚ್‌ನಿಂದ ಅಲ್ಲವಾ ಹಾಗಾದರೆ? ...ಮಾತಾಡು. ಬೈ! ಇಂಗ್ಲಿಷಿನಲ್ಲಾದರೂ ಬೈ, ನನಗೆ ಅರ್ಥ ಆಗ್ತದೆ.

ಕೇಳು, ನಾನು ಎಂತಕ್ಕೆ ಮಾಡಿದೆ ಅಂತ ಒಂದು ಸಲ ಕೇಳು. ಬಾಲ್ ಹಿಡಿಯುವವನಿಗೆ ಒದೆಯುವವನ ಮುಖ ಕೆಳಗಿನಿಂದ ಕಾಣ್ತದೆ. ನನಗೆ ಅಷ್ಟೇ ಕಾಣುದು, ಪ್ರತಿ ಭಾನುವಾರ, ನಿನ್ನ ಮುಖ. ನೀನು ಹೆದರಿದರೆ ನಿನ್ನ ಕೆಳತುಟಿ ಒಳಗೆ ಹೋಗ್ತದೆ. ಕಾಲು ಎತ್ತುವ ಮೊದಲೇ ನನಗೆ ಗೊತ್ತಾಗ್ತದೆ, ಇದು ಹೊರಗೆ ಅಂತ. ನಿನ್ನೆ ಬೈನಾಕ್ಯುಲರ್‌ನಲ್ಲಿ ನಿನ್ನನ್ನೇ ನೋಡ್ತಾ ಇದ್ದೆ. ಎಲ್ಲರೂ ಬಾಲ್ ನೋಡ್ತಾ ಇದ್ದರು. ತುಟಿ ಒಳಗೆ ಹೋಗಿತ್ತು. ನೀನು ಕೋಚ್‌ನ ಮುಖವನ್ನೇ ನೋಡ್ತಾ ಇದ್ದೆ. ಇವನನ್ನು ಕರೆಯದಿರಲಿ ಅಂತ ನಾನು... ಹೌದು ಮಾರಾಯ, ಕಟೀಲಿನ ದೇವಿಗೆ ಒಂದು ಹೂವಿನ ಪೂಜೆ ಹೇಳಿಕೊಂಡೆ! ಗೆಲ್ಲಲಿ ಅಂತ ಅಲ್ಲ. ನಿನ್ನನ್ನು ಕರೆಯದಿರಲಿ ಅಂತ.

ಕೋಚ್ ಉಳಿದವರನ್ನು ಕಳಿಸಿದಾಗ ನನ್ನ ಕೈಕಾಲಿಗೆ ಜೀವ ಬಂತು. ಅಮ್ಮ ಬೊಬ್ಬೆ ಹಾಕಿದಳು, ನಾನು ಅವಳಿಗಿಂತ ಜೋರು ಬೊಬ್ಬೆ ಹಾಕಿದೆ. ಒಳಗೆ ಮಾತ್ರ ಕೋಚ್‌ಗೆ ಕೈಮುಗೀತಾ ಇದ್ದೆ. ಅಷ್ಟು ಸಾವಿರ ಜನ ನಿನ್ನ ಹೆಸರು ಹಿಡಿದು ಬೈಯುದು ತಪ್ಪಿತಲ್ಲ! ಮತ್ತೆ ರೇಡಿಯೋದಲ್ಲಿ ಎಲ್ಲ ಸೇರಿ ಆ ಮನುಷ್ಯನಿಗೆ ಉಗಿಯುವಾಗ ತಡೆಯಲಿಕ್ಕೆ ಆಗಲಿಲ್ಲ. ಅವರ ಪರವಾಗಿ ಒಂದು ಮಾತು ಹೇಳುವ ಅಂತ ಹೊರಟೆ. ನಿನ್ನನ್ನು ಕಾಪಾಡಿದವರು ಅವರು ಅಂತ. ನೀನು ಹೆದರಿದ್ದೆ ಅಲ್ಲವಾ? ಅದನ್ನು ನೋಡಿಯೇ ಕೋಚ್...

ಅಲ್ಲವಾ?

ಹೇಳು ಮಗಾ. ಹೆದರಿದ್ದೆ, ಅಷ್ಟೇ ಹೇಳು. ಹೆದರುದು ತಪ್ಪಲ್ಲ, ನಾನು ಯಾರಿಗೂ ಹೇಳುದಿಲ್ಲ.

...ಕೇಳಿದ್ಯಾ? ಏನು ಕೇಳಿದ್ದು? ಕೋಚ್ ಹತ್ತಿರವಾ?

"ನನ್ನನ್ನು ಕಳಿಸಿ" ಅಂತ? ನೀನೇ ಹೋಗಿ? ಎರಡೆರಡು ಸಲ?

ಅವರು ಬೇಡ ಅಂದದ್ದಾ.

ನನಗೆ ಕಾಣಲಿಲ್ಲ. ಅಷ್ಟು ದೊಡ್ಡ ಬೈನಾಕ್ಯುಲರ್ ಇಟ್ಟುಕೊಂಡು... ನಾನು ನಿನ್ನ ತುಟಿಯೊಂದನ್ನೇ ನೋಡಿದೆ. ನೀನು ಹೆದರಿರಲಿಲ್ಲ ಅನ್ವಿತ್. ಹೆದರಿದ್ದು ನಾನು.

ಚಿರಾಗ್‌ನ ಕಾರಾ ಅದು? ಇಷ್ಟು ಬೇಗ ಬಂದನಾ? ನಿಲ್ಲು, ಕೈ ತೊಳೆದು... ಬ್ಯಾಗ್ ತಗೊಂಡೆಯಾ? ಹೋಗ್ತಿಯಾ? ಪ್ರಾಕ್ಟೀಸಿಗೆ? ಬಿಡುದಿಲ್ಲವಾ ಹಾಗಾದರೆ! ಅಯ್ಯಬ್ಬ. ಒಳ್ಳೆದು, ಭಾರೀ ಒಳ್ಳೆದು! ಕೋಚ್ ಹತ್ತಿರ ಪುನಃ ಕೇಳು, ಹತ್ತು ಸಲ ಕೇಳು. ಬರುವ ಶನಿವಾರ ಹೋಮ್ ಗೇಮ್ ಅಲ್ಲವಾ? ಟಿಕೆಟ್ ಎರಡು ಇಡಲಿಕ್ಕೆ ಹೇಳು, ನಾವು ಬೆಳಿಗ್ಗೆಯೇ ಬರ್ತೇವೆ. ನಾನು ಬಾಯಿ ಮುಚ್ಚಿ ಕೂತಿರ್ತೇನೆ, ಫೋನ್ ಕಾರಿನಲ್ಲಿಯೇ ಬಿಟ್ಟು ಬರ್ತೇನೆ, ಬೇಕಾದರೆ ಆ ಹೊಟ್ಟೆಗೆ ಪೇಂಟ್ ಬಳಿದವನ ಬದಿಯಲ್ಲಿ...

ಒಂದೇ ಸಾಕಾ?

ಅಮ್ಮನಿಗೆ ಮಾತ್ರವಾ?