ಹೆಸರು ಹಿಡಿದು ಕರೆದವನು

ಇದು ಯಾರೋ ಹೇಳಿ ಯಾರೋ ಕೇಳಿದ್ದಲ್ಲ. ನನ್ನ ಚಿಕ್ಕಮ್ಮನ ಮಗ ರಮ್ಲಿಸ್‌ಗೇ ಆದದ್ದು. ನಾನು ಅಂಗಡಿಯವನು. ತಕ್ಕಡಿಗೆ ಬೆರಳು ತಾಗಿಸಿ ತೂಗುವ ಅಭ್ಯಾಸ ಸರಕಿನಲ್ಲೂ ಇಲ್ಲ, ಮಾತಿನಲ್ಲೂ ಇಲ್ಲ.

ಆ ರಾತ್ರಿ ರಮ್ಲಿಸ್ ತನ್ನ ಜೋಡಿ ಮರ್ತುನಿಸ್‌ನ ಮನೆಯಿಂದ ವಾಪಸು ಬರುತ್ತಿದ್ದ. ಮೇಲಿನ ಕೆರೆ ನೋಡಲು ಬರುವ ಚಾರಣದವರ ಹೊರೆ ಹೊತ್ತು ದಾರಿ ತೋರಿಸುವುದು ಇಬ್ಬರದೂ ಕಸುಬು. ಹಿಂದಿನ ವಾರ ಬೆಟ್ಟ ಹತ್ತಿದ ಮರ್ತುನಿಸ್ ಇಳಿದು ಬರಲೇ ಇಲ್ಲ. ಹುಡುಕಿ ಸೋತ ಊರು ಹೆಣವಿಲ್ಲದೆಯೇ ಏಳನೆಯ ರಾತ್ರಿಯ ಪ್ರಾರ್ಥನೆ ಮುಗಿಸಿತ್ತು. ರಮ್ಲಿಸ್ ಹೊರಡುವಾಗ ಮರ್ತುನಿಸ್‌ನ ಹೆಂಡತಿ ಅಸ್ನಿಮಾರ್, ತುಂಬು ಬಸುರಿ, ಬಾಗಿಲವರೆಗೆ ಬಂದು ಊಟದ ಪೊಟ್ಟಣ ಕೈಗಿಟ್ಟಿದ್ದಳು.

"ಒಂದು ತುತ್ತೂ ಮುಟ್ಲಿಲ್ಲ ನೀವು, ಅಣ್ಣ. ಮನೇಲಾದ್ರೂ ಉಣ್ಣಿ... ಮೈ ಸಿಕ್ಕಿದ್ರೆ ಒಂದು ಹಿಡಿ ಮಣ್ಣಾದ್ರೂ ಹಾಕ್ಬಹುದಿತ್ತು, ಅಲ್ವಾ?"

ರಮ್ಲಿಸ್ ಅವಳ ಮುಖ ನೋಡದೆ ಮೆಟ್ಟಿಲಿಳಿದ.

ಚಹಾ ತೋಟದ ತಿರುವಿನಲ್ಲಿ ಆಲದ ಮರ. ಮರದಡಿಯ ಚರಂಡಿಯಲ್ಲಿ ಕಪ್ಪೆಗಳು ವಟರ್ ವಟರ್ ಅನ್ನುತ್ತಿದ್ದವು. ಅವನ ಒದ್ದೆ ಚಪ್ಪಲಿ ಚಪಕ್... ಚಪಕ್... ಹಣ್ಣೊಂದು ತೊಪ್ಪನೆ ಬಿತ್ತು. ಆಮೇಲೆ, ಬೆನ್ನ ಹಿಂದೆಯೇ...

"ಲೀ...ಸ್."

ಲವಂಗದ ಸಿಗರೇಟು ಸೇದಿ ಸೇದಿ ಒಡೆದ ಗಂಟಲು. ಅವನನ್ನು ಹಾಗೆ ಮೊಟಕು ಮಾಡಿ ಕರೆಯುತ್ತಿದ್ದವನು ಊರಿಗೆಲ್ಲ ಒಬ್ಬನೇ. ರಮ್ಲಿಸ್ ತಿರುಗಲಿಲ್ಲ. ಓಡಿದ.

ಯಾಕೆ ಓಡಿದ ಅನ್ನುವುದಕ್ಕೆ ಬೆಟ್ಟದ ಮೇಲೆ ನಡೆದದ್ದು ಗೊತ್ತಾಗಬೇಕು.

ಕೆರೆಯ ಸುತ್ತ ಎರಡು ದಾರಿ. ಎಡಗಡೆಯದು ದಂಡೆಗುಂಟ ಹೋಗುವ ಸಲೀಸಾದ ದಾರಿ. ಬಲಗಡೆಯದು ಬಂಡೆಯ ಅಂಚಿನ ಮೇಲೆ. ಮಳೆಗೆ ಅದು ಕುಸಿದಾಗಿನಿಂದ ಅದರ ಬಾಯಿಗೆ ದೊಡ್ಡ ಜರೀಗಿಡದ ಗರಿಯೊಂದನ್ನು ಅಡ್ಡ ಹಾಕಿದ್ದರು. ಹೊರೆಯಾಳುಗಳಲ್ಲಿ ಅದೇ ಬೀಗ. ಗರಿ ಅಡ್ಡ ಬಿದ್ದಿದ್ದರೆ ಆಚೆ ಯಾರೂ ಹೋಗಿಲ್ಲ, ಹೋಗಲೂ ಕೂಡದು.

ಆ ದಿನ ಪಡಾಂಗ್ ಪಟ್ಟಣದಿಂದ ಬಂದ ಚಾರಣದವರಿಗೆ ಕೆರೆಯನ್ನು ಪೂರ್ತಿ ಸುತ್ತುವ ಹುಚ್ಚು. ಆಗದು ಅಂದ ಮರ್ತುನಿಸ್. ರಮ್ಲಿಸ್ ಅವರೆದುರಿಗೇ ನಕ್ಕ.

"ನೋಡ್ರಪ್ಪಾ, ಬಸುರಿ ಹೆಂಡ್ತಿ, ನಡುಕ ಗಂಡಂಗೆ!"

ಎಲ್ಲರೂ ನಕ್ಕರು. ಮರ್ತುನಿಸ್‌ನ ಕಿವಿ ಕೆಂಪಾಯಿತು. ಚಾರಣದವರು ನೀರಿನ ಹತ್ತಿರ ಚಿತ್ರ ತೆಗೆದುಕೊಳ್ಳುತ್ತಿದ್ದಾಗ ಅವನು ಗರಿ ಸರಿಸಿದ.

"ದಾರಿ ನೋಡ್ಕೊಂಡು ಬರ್ತೀನಿ. ಅಲ್ಲೀವರೆಗೂ ನೀನು ಕಾಫಿ ಕಾಯಿಸ್ತಾ ಹಲ್ಲು ಕಿಸಿ."

ಅವನು ಮರೆಯಾದ ಮೇಲೆ ಚಾರಣದವರು ಯಾರಾದರೂ ಹಿಂದೆಯೇ ಹೋದಾರೆಂದು ರಮ್ಲಿಸ್ ಗರಿಯನ್ನು ಮತ್ತೆ ಅಡ್ಡ ಹಾಕಿದ. ಕಸುಬಿನ ಕೈ. ಯೋಚಿಸಿ ಮಾಡಿದ್ದಲ್ಲ.

ಮಂಜು ಇಳಿಯಿತು. ನೀರು ಮಾತ್ರ ದಂಡೆಗೆ ಲಪ್... ಲಪ್. ಒಮ್ಮೆ ಕಲ್ಲು ಉರುಳಿದ ಸದ್ದು, ಗಡಗಡ... ಧಡ್. ತುಸು ಹೊತ್ತು ಏನೂ ಇಲ್ಲ. ಆಮೇಲೆ ಗರಿಯ ಆಚೆಯಿಂದ, "ಲೀ...ಸ್."

ನಮ್ಮ ಬೆಟ್ಟದಲ್ಲಿ ಯಾರೂ ಯಾರ ಹೆಸರನ್ನೂ ಕೂಗುವುದಿಲ್ಲ. ಹುಲಿಯನ್ನು ಕೂಡ ಅಜ್ಜ ಅನ್ನುವುದು. ಹೆಸರು ಕೂಗಿದರೆ ಕಣ್ಣಿಗೆ ಕಾಣದ ಮರೆಯ ಜನ ಅದನ್ನು ಎತ್ತಿಟ್ಟುಕೊಳ್ಳುತ್ತಾರೆ, ಆಮೇಲೆ ಅದೇ ಹೆಸರಿನಿಂದ ಕರೆದು ಒಳಗೆಳೆಯುತ್ತಾರೆ. ಬದುಕಿರುವ ಮನುಷ್ಯ ಕೂಗಬೇಕಾದದ್ದು 'ಕೂ' ಅಂತ. ಹೆಸರು ಹಿಡಿದು ಕರೆದರೆ ಓಗೊಡಬಾರದು. ಎಲ್ಲ ಸರಿ. ಆದರೆ ಕಲ್ಲಿನಡಿ ಕಾಲು ಸಿಕ್ಕವನಿಗೆ ಕಟ್ಟಳೆ ನೆನಪಿರುತ್ತದೆಯೇ? ರಮ್ಲಿಸ್‌ಗೆ ಅದು ಆಗಲೇ ಹೊಳೆದಿತ್ತು. ಹೊಳೆದದ್ದನ್ನು ಒಳಗೇ ಅದುಮಿದ.

"ಯಾರೋ ಕೂಗಿದ ಹಾಗಿತ್ತಲ್ಲ?" ಅಂದ ಚಾರಣದವನೊಬ್ಬ.

"ಕೋತಿ," ಅಂದ ರಮ್ಲಿಸ್. ಮುನಿಸಿಕೊಂಡವನು ತಾನಾಗಿ ಬರುತ್ತಾನೆ ಎಂದುಕೊಂಡು ಅವರನ್ನು ಇಳಿಸಿಕೊಂಡು ಬಂದ. ಅವರು ಸಂಜೆಯ ಬಸ್ಸಿಗೇ ಹೋದರು.

ಮರುದಿನ ಊರಿನ ಹಿರಿಯ ಜಲಾಲ್ ಮಾವ ಜನ ಕಟ್ಟಿಕೊಂಡು ಹತ್ತಿದರು. ಕವಲಿನಲ್ಲಿ ನಿಂತು ನೋಡಿದರು. "ಗರಿ ಇಟ್ಟಲ್ಲೇ ಇದೆ. ಈ ಕಡೆ ಹೋಗಿಲ್ಲ, ನಡೀರಿ." ಎಲ್ಲರೂ ಎಡಕ್ಕೆ ತಿರುಗಿದರು. ರಮ್ಲಿಸ್ ಬಾಯಿ ತೆರೆದ... ಮುಚ್ಚಿದ. ಅವರ ಹಿಂದೆ ತಾನೂ ಎಡಕ್ಕೆ ತಿರುಗಿದ. ಹೇಳಿದರೆ ಕೂಗು ಕೇಳಿಯೂ ಬಂದದ್ದನ್ನು ಹೇಳಬೇಕು. ಜೋಡಿಯನ್ನು ಬಿಟ್ಟು ಇಳಿದವನಿಗೆ ಮತ್ತೆ ಯಾರು ಹೆಗಲು ಕೊಡುತ್ತಾರೆ? ಸುಳ್ಳು ಅನ್ನುವುದು ಒದ್ದೆಯಾದ ಮೂಟೆಯಿದ್ದ ಹಾಗೆ. ಹೊತ್ತಷ್ಟೂ ಭಾರ, ಇಳಿಸಲು ಜಾಗ ಸಿಗದು.

ಆ ರಾತ್ರಿ ಆಲದಿಂದ ಓಡಿ ಮನೆ ಮುಟ್ಟಿದಾಗ ಅವನ ಹೆಂಡತಿ ಯುಸ್ನಿದಾರ್ ಆಲೂಗಡ್ಡೆ ಚೀಲದ ಬಾಯಿ ಹೊಲಿಯುತ್ತಿದ್ದಳು.

"ಯಾಕ್ರೀ ಹಿಂಗೆ ಏದುಸಿರು? ಅಜ್ಜ ಅಟ್ಟಿಸ್ಕೊಂಡು ಬಂದ್ನಾ?"

"ಆಲದ ಹತ್ರ... ಕರೆದ."

"ಯಾರು?"

"ಮರ್ತುನಿಸ್. ಅವತ್ತು ಮೇಲೆ ಕರೆದ ಹಾಗೇ..."

ದಬ್ಬಣ ನಿಂತಿತು.

"ಮೇಲೆ ಕರೆದಿದ್ನಾ?" ದನಿ ಪಿಸುಮಾತಿಗಿಳಿಯಿತು. "ಯಾವ ಕಡೆಯಿಂದ?"

ರಮ್ಲಿಸ್ ಊಟದ ಪೊಟ್ಟಣವನ್ನು ಚೀಲದ ಪಕ್ಕ ಇಟ್ಟ. "...ಗರಿ ಆಚೆಯಿಂದ."

ಅವಳು ಕಿರುಚಲಿಲ್ಲ. ಪೊಟ್ಟಣದ ಕಡೆ ನೋಡಿದಳು. "ಅವಳ ಕೈಯಿಂದ ಇದನ್ನ ಇಸ್ಕೊಂಡು ಬರೋಕೆ ಹೆಂಗೆ ಮನಸ್ಸು ಬಂತು ನಿಮ್ಗೆ?"

"ಹೆಸರು ಹಿಡಿದ್ರೆ ಓಗೊಡಬಾರದು ಅಂತ ಹಿರಿಯರು..."

"ಅದು ಬೆಟ್ಟದ ಕಟ್ಟಳೆ. ಆಲದ ಮರ ಇರೋದು ಊರಲ್ಲಿ. ಊರಲ್ಲಿ ಕರೆದೋರಿಗೆ ಓಗೊಡ್ದೆ ಬಂದ್ರಲ್ಲ... ಇದಕ್ಕೇನು ನೆಪ?"

ರಮ್ಲಿಸ್ ಎದ್ದ. ಬರಿಗಾಲಲ್ಲೇ ಹೋಗಿ ಆಲದ ಕೆಳಗೆ ನಿಂತ.

"ಓ..." ಅಂದ. "ಓ... ಬಂದೆ ಕಣೋ."

ಕಪ್ಪೆಗಳು ಒಮ್ಮೆಗೇ ನಿಂತವು. ಹತ್ತಿರದಲ್ಲೇ, ಕಿವಿಯ ಪಕ್ಕದಲ್ಲೇ ಅನ್ನಿ, ಒಂದು ಉಸಿರು ಕೇಳಿಸಿತು. ದೊಡ್ಡ ಹೊರೆ ನೆಲಕ್ಕಿಳಿಸಿದಾಗ ಹೊರೆಯಾಳು ಬಿಡುತ್ತಾನಲ್ಲ, ಆ ಉಸಿರು. ಹುಸ್ಸ್... ಅಷ್ಟೇ. ಮತ್ತೆ ಕಪ್ಪೆ ಕೂಗತೊಡಗಿದವು.

ರಮ್ಲಿಸ್ ಅಲ್ಲಿಂದ ನೇರ ಜಲಾಲ್ ಮಾವನ ಬಾಗಿಲು ಬಡಿದ.

"ಗರಿ ಇಟ್ಟವನು ನಾನು."

ಮಾವ ಅವನನ್ನೇ ನೋಡಿದರು. ಹೊಡೆಯಲಿಲ್ಲ, ಬೈಯಲಿಲ್ಲ. ಗೋಡೆಯ ಮೇಲಿನ ಟಾರ್ಚು ಕೆಳಗಿಳಿಸಿದರು. "ನಾಲ್ಕು ಜನಾನ ಎಬ್ಬಿಸು."

ಆ ನಾಲ್ವರಲ್ಲಿ ನಾನೂ ಒಬ್ಬ. ಬೆಳಕು ಹರಿಯುವ ಹೊತ್ತಿಗೆ ಕವಲು ಮುಟ್ಟಿದೆವು. ಗರಿ ಒಣಗಿ ಕಂದಾಗಿತ್ತು.

"ನೀನೇ ತೆಗಿ," ಅಂದರು ಮಾವ.

ರಮ್ಲಿಸ್ ತೆಗೆದ. ಒಣ ಎಲೆ ಚರಚರ ಅಂತು. ದೂರವೇನೂ ಹೋಗಬೇಕಾಗಲಿಲ್ಲ. ಕೂಗಿದರೆ ಕೇಳುವಷ್ಟೇ ದೂರ. ಬಂಡೆಯ ಅಂಚಿನ ಕೆಳಗೆ, ನೀರು ಜಿನುಗುವ ಜಾಗದಲ್ಲಿ, ಕಾಲ ಮೇಲೆ ಕಲ್ಲು ಹೇರಿಕೊಂಡು ಮರ್ತುನಿಸ್ ಒರಗಿದ್ದ. ಕಣ್ಣು ಮುಚ್ಚಿತ್ತು, ಉಸಿರಿರಲಿಲ್ಲ. ಕಲ್ಲು ಹೊರಳಿಸಿದೆವು. ಎತ್ತಲು ಕಂಕುಳಿಗೆ ಕೈ ಹಾಕಿದ ಜಲಾಲ್ ಮಾವ ಹಾಗೇ ನಿಂತುಬಿಟ್ಟರು.

"ಪೂರ್ತಿ ತಣ್ಣಗಾಗಿಲ್ಲ..." ಅಂದರು, ತಮಗೇ ಹೇಳಿಕೊಂಡಂತೆ.

ಯಾರೂ ರಮ್ಲಿಸ್‌ನ ಕಡೆ ನೋಡಲಿಲ್ಲ. ಇಳಿಯುವಾಗ ಹೆಗಲು ಬದಲಾಯಿಸಿಕೊಳ್ಳೋಣ ಎಂದರೆ ಅವನು ಒಪ್ಪಲಿಲ್ಲ. ಕೊನೆಯವರೆಗೂ ತಲೆಯ ಕಡೆ ಅವನೇ ಹೊತ್ತ.

ಮನೆಯಲ್ಲಿ ಅಸ್ನಿಮಾರ್ ಅಳಲಿಲ್ಲ. ಒದ್ದೆ ಬಟ್ಟೆಯಿಂದ ಗಂಡನ ಹಣೆ ಒರೆಸಿದಳು, ಕೆನ್ನೆ ಒರೆಸಿದಳು. ಗಲ್ಲದ ಹತ್ತಿರ ಕೈ ನಿಂತಿತು. ಬೆರಳಿನಿಂದ ಸವರಿದಳು. ಕರಕರ ಅನ್ನುವ ಸದ್ದು ಆ ಮೌನದಲ್ಲಿ ನಮಗೆಲ್ಲ ಕೇಳಿಸಿತು.

"ಹೊರಟ ದಿನ ನುಣ್ಣಗೆ ಬೋಳಿಸ್ಕೊಂಡು ಹೋಗಿದ್ರು," ಅಂದಳು. ಆಮೇಲೆ ರಮ್ಲಿಸ್‌ನ ಕಡೆ ತಿರುಗಿದಳು. "ಅಲ್ವಾ ಅಣ್ಣ? ನೀವೂ ನೋಡಿದ್ರಲ್ಲ?"

ಬೇಕಾದರೆ ನಂಬಿ, ಬೇಡವಾದರೆ ಬಿಡಿ. ನಾನು ಅಲ್ಲೇ ನಿಂತಿದ್ದೆ, ಕಣ್ಣಾರೆ ನೋಡಿದೆ. ಅದು ಒಂದು ವಾರದ ಗಡ್ಡ.