ಕಾಯಿ ಹಿಡಿಯದ ಜುಕಿನಿ

ರೋಣದ ದವಾಖಾನೆಯಲ್ಲಿ ನನ್ನೆದುರಿನ ಬೆಂಚಿನ ಮೇಲೆ ಅತ್ತೆ ಸೊಸೆ ಜಗಳಕ್ಕೆ ಬಿದ್ದಿದ್ದರು.

“ಹಿತ್ತಲದಾಗ ಜುಕಿನಿ ಬೀಜ ಹಾಕಿ ಎರಡ ತಿಂಗಳಾತು. ಒಂದರ ಕಾಯಿ ಆತೇನ? ನಿನ್ನ ಕೈಗುಣನ ಅಂಥಾದ್ದು.”

“ಹೂವೆಲ್ಲಾ ನೀವ ಹರದ್ರೆಲ್ರಿ ಅತ್ತಿ.”

“ಹಿಂದ ಮಿಡಿ ಇಲ್ಲದ ಬಂಜಿ ಹೂ ಅವು. ಬಸವಣ್ಣಗ ಏರಿಸಿದ್ನಿ.”

“ಅವು ಗಂಡು ಹೂ ರೀ. ಅವಿಲ್ಲಂದ್ರ ಹೆಣ್ಣು ಹೂ ಕಾಯಿ ಹಿಡಿಯೂದಿಲ್ಲ, ಕೊಳತು ಉದರ್ತಾವ.”

“ಏಳು ವರ್ಷಾತು, ನಿನ್ನ ಉಡಿ ತುಂಬಲಿಲ್ಲ. ನೀ ನನಗ ಕಲಸ್ತಿ?”

ಅಷ್ಟರಲ್ಲಿ ನರ್ಸ್ ಕೂಗಿದಳು: “ಸಿದ್ದಾರೂಢ ಯಾರ್ರಿ?”

ಅತ್ತೆ ಥಟ್ಟನೆ ತಿರುಗಿದಳು. “ನನ್ನ ಮಗನ ಹೆಸರ್ಯಾಕ ಕರದ್ರು?”

“ಈ ಸಲ ಚೀಟಿ ಅವರ ಹೆಸರಿಲೆ ಮಾಡಸೇನ್ರಿ.”

ಸೊಸೆ ಎದ್ದು, ಬಾಗಿಲ ಬಳಿ ತಲೆತಗ್ಗಿಸಿ ನಿಂತಿದ್ದ ಗಂಡನನ್ನು ಮುಂದೆ ಬಿಟ್ಟುಕೊಂಡು ಒಳಗೆ ಹೋದಳು.